ಅಯ್ಯಪ್ಪ ಸಿಂಗನ ಮಣ್ಣು

ಹಂಪಯ್ಯ ರಂಗೂನಿನಲ್ಲಿ ಕಳೆದದ್ದು ಒಂದೇ ಒಂದು ದಿನ. ಬರ್ಮಾ ದೇಶದಲ್ಲಿ ಎರಡು ವರ್ಷ ದಂಡಿನ ಲಾರಿ ಓಡಿಸಿದವನು, ಅಲ್ಲಿಯ ಕಾಡು ಕೆಸರು ಗುಡ್ಡ ಎಲ್ಲವನ್ನೂ ಕಂಡವನು, ಆ ಪಟ್ಟಣವನ್ನು ಮಾತ್ರ ಕಂಡದ್ದು ಬೆಳಗಿನಿಂದ ಸಂಜೆಯ ತನಕ. ಊರಿಗೆ ಬಂದ ಮೇಲೆ ಯಾರಾದರೂ ಲಡಾಯಿಯ ಸುದ್ದಿ ಕೇಳಿದರೆ ಕಾಡಿನ ಸುದ್ದಿ ಹೇಳುತ್ತಿದ್ದ, ಕೆಸರಿನ ಸುದ್ದಿ ಹೇಳುತ್ತಿದ್ದ, ಜಪಾನಿನವರ ವಿಮಾನಗಳ ಸುದ್ದಿಯನ್ನಂತೂ ಕೈ ಬಾಯಿ ಆಡಿಸಿ ಹೇಳುತ್ತಿದ್ದ. ರಂಗೂನಿನ ಆ ಒಂದು ದಿನದ ಬಗ್ಗೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಅದನ್ನು ಹೇಳಿದ್ದು ಹಡೆದವಳಿಗೆ, ಅದೂ ಒಂದೇ ಸಲ. ಹೇಳದಿದ್ದರೇ ಚೆನ್ನಾಗಿತ್ತೇನೋ. ಆದರೆ ಹೇಳದೆ ಉಳಿಯುವ ದಾರಿ ಅವನಿಗೆ ಉಳಿದಿರಲಿಲ್ಲ.

ಅವನು ಹುಟ್ಟಿದ್ದು ಮಾನ್ವಿಯ ಹೊರಗಿನ ಕೇರಿಯಲ್ಲಿ. ಊರವರು ಮುಟ್ಟಿಸಿಕೊಳ್ಳದ ಜಾತಿ. ಅಪ್ಪ ಹನುಮಂತ ಬೇಗ ಮಣ್ಣಿಗೆ ಹೋದ. ತಾಯಿ ಯಂಕಮ್ಮ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿ, ಜೋಳ ಕೊಯ್ದು ಇಬ್ಬರು ಗಂಡುಮಕ್ಕಳನ್ನು ಸಾಕಿದಳು. ಹಿರಿಯವನು ಹಂಪಯ್ಯ, ಅವನಿಗಿಂತ ಆರು ವರ್ಷ ಚಿಕ್ಕವನು ಅಯ್ಯಪ್ಪ. ಮೀಸೆ ಮೂಡುವ ಹೊತ್ತಿಗೆ ಹಂಪಯ್ಯ ರಾಯಚೂರಿನ ಸತ್ತಾರ್ ಸಾಬನ ಲಾರಿಗೆ ಕ್ಲೀನರಾಗಿ ಸೇರಿಕೊಂಡ. ಮಾನ್ವಿ, ದೇವದುರ್ಗದ ಕಡೆಯಿಂದ ಹತ್ತಿ ತುಂಬಿಕೊಂಡು ರಾಯಚೂರಿನ ಜಿನ್ನಿಂಗ್ ಗಿರಣಿಗೆ ಹಾಕುವ ಲಾರಿ ಅದು. ನಾಲ್ಕು ವರ್ಷಕ್ಕೆ ಸ್ಟೇರಿಂಗು ಅವನ ಕೈಗೇ ಬಂತು. ಲಾರಿ ಓಡಿಸುವವನ ಜಾತಿಯನ್ನು ದಾರಿಯಲ್ಲಿ ಯಾರೂ ಕೇಳುವುದಿಲ್ಲ ಎಂಬುದು ಅವನು ಬಲುಬೇಗ ಕಲಿತ ಪಾಠ. ಎರೆ ಹೊಲದ ಕೆಸರಿನಲ್ಲಿ ಗಾಲಿ ಹೂತಾಗ ಹೊಲದ ಒಡೆಯರು ಹಂಪಯ್ಯಾ ಹಂಪಯ್ಯಾ ಎಂದು ಬಾಯಿತುಂಬ ಕರೆಯುತ್ತಿದ್ದರು. ಗಾಲಿ ಎದ್ದ ಮೇಲೆ ಅದೇ ಹಂಪಯ್ಯನ ಬೊಗಸೆಗೆ ನೀರನ್ನು ಮೇಲಿನಿಂದ ಸುರಿಯುತ್ತಿದ್ದರು.

ಲಡಾಯಿ ಬಂದು ಪೆಟ್ರೋಲು ಸಿಗದಾದಾಗ ಸತ್ತಾರ್ ಸಾಬ್ ಲಾರಿಯ ಹಿಂದೆ ಇದ್ದಿಲಿನ ಉರುಳೆ ಕೂಡಿಸಿದ. ಇದ್ದಿಲು ಹೊತ್ತಿಸಿ, ತಿದಿ ಒತ್ತಿ, ಅದರ ಗ್ಯಾಸಿನಲ್ಲಿ ಎಂಜಿನ್ನು ಓಡಬೇಕು. ಬೆಳಗ್ಗೆ ಒಂದು ತಾಸು ಅದಕ್ಕೇ ಹೋಗುತ್ತಿತ್ತು. ಹಂಪಯ್ಯನ ಕೈ ಮೊಣಕೈ ತನಕ ಕಪ್ಪು. ಅವನ ಅಂಗಿ ಒಗೆಯುತ್ತಿದ್ದವಳು ಯಂಕಮ್ಮ. ಎಷ್ಟು ಉಜ್ಜಿದರೂ ಹೋಗದ ಆ ಕಪ್ಪನ್ನು ಬೈಯುತ್ತ ಬೈಯುತ್ತ ಅವಳಿಗೂ ಇದ್ದಿಲಿನ ಗುಣವೆಲ್ಲ ಗೊತ್ತಾಗಿ ಹೋಗಿತ್ತು.

ನಲವತ್ತೆರಡರಲ್ಲಿ ರಾಯಚೂರು ಸ್ಟೇಷನ್ನಿನ ಹತ್ತಿರ ದಂಡಿಗೆ ಜನ ಸೇರಿಸಿಕೊಳ್ಳುವವರು ಬೇವಿನ ಮರದ ಕೆಳಗೆ ಮೇಜು ಹಾಕಿ ಕೂತರು. ಡ್ರೈವರುಗಳಿಗೆ ಬರಗಾಲ. ಹಂಪಯ್ಯ ಹೋಗಿ ನಿಂತ, ಅವನ ಜಾತಿ ಇದ್ದದ್ದು ಇದ್ದಂತೆಯೇ ಬರೆದುಕೊಂಡರು, ಲಾರಿ ಕೊಟ್ಟರು, ಬೂಟು ಕೊಟ್ಟರು. ಅಸ್ಸಾಮಿನ ಕಡೆ ಕಳಿಸಿದರು. ಮರುವರ್ಷ ರಜೆಯಲ್ಲಿ ಬಂದಾಗ ಅಯ್ಯಪ್ಪನಿಗೆ ಮದುವೆಯಾಗಿತ್ತು. ಹುಡುಗಿ ದೇವದುರ್ಗದವಳು, ಗೋಪಮ್ಮ. ಅಯ್ಯಪ್ಪ ತಾನೂ ದಂಡಿಗೆ ಬರುತ್ತೇನೆಂದು ಹಟ ಹಿಡಿದ. ಅಣ್ಣನ ಬೂಟನ್ನು ರಾತ್ರಿ ಹಗಲು ಒರೆಸಿ ಒರೆಸಿ ಇಡುತ್ತಿದ್ದ.

ಅಯ್ಯಪ್ಪ ಗಟ್ಟಿ ಮೈಕಟ್ಟಿನವನಲ್ಲ. ಬಂದೂಕು ಹಿಡಿದು ಓಡುವ ಪೈಕಿಯವನಂತೂ ಅಲ್ಲವೇ ಅಲ್ಲ. ಆದರೆ ತಾಯಿ ಹೊಲಕ್ಕೆ ಹೋಗುತ್ತಿದ್ದಳಾಗಿ ಚಿಕ್ಕಂದಿನಿಂದ ಒಲೆ ಅವನ ಪಾಲಿಗೇ ಬಂದಿತ್ತು, ಕೈರುಚಿ ಸೊಗಸಾಗಿತ್ತು. ಅಡಿಗೆಯವನಾದರೆ ಗುಂಡಿನಿಂದ ದೂರ ಇರುತ್ತಾನೆ ಎಂದು ಹಂಪಯ್ಯ ಲೆಕ್ಕ ಹಾಕಿದ. ಪ್ರೀತಿಯಿಂದಲೇ ಹಾಕಿದ ಲೆಕ್ಕ ಅದು, ಅದರಲ್ಲಿ ಸಂಶಯವಿಲ್ಲ.

ಅದೇ ಬೇವಿನ ಮರ, ಅದೇ ಮೇಜು, ಮುನ್ಷಿ ಮಾತ್ರ ಬೇರೆ. ಅಡಿಗೆಯವರು ತುರ್ತಾಗಿ ಬೇಕು, ಆದರೆ ಅಡಿಗೆಯವನ ಕೈಯಲ್ಲಿ ಎಲ್ಲ ಹಿಂದೂಗಳೂ ಉಣ್ಣುವಂತಿರಬೇಕು, ಇವನದು ಯಾವ ಕೋಮು ಎಂದು ಮುನ್ಷಿ ಕೇಳಿದ. ಅಯ್ಯಪ್ಪ ಅಣ್ಣನ ಮುಖ ನೋಡಿದ. ಅವನು ಬಾಯಿ ತೆರೆಯುವುದಕ್ಕೆ ಮೊದಲು ಹಂಪಯ್ಯ ರಜಪೂತನೆಂದು ಹೇಳಿಬಿಟ್ಟ. ರಾಯಚೂರಿನ ಕೋಟೆಯ ಹತ್ತಿರ ತಲೆತಲಾಂತರದಿಂದ ಬಂದು ನೆಲೆಸಿದ ರಜಪೂತರ ಮನೆಗಳಿದ್ದವು, ಅವರ ಮಾತೂ ಇಲ್ಲಿಯದೇ ಆಗಿಹೋಗಿತ್ತು. ಆ ಧೈರ್ಯದ ಮೇಲೆ ಹೇಳಿದ್ದು. ಮುನ್ಷಿ ಒಮ್ಮೆ ಇವರಿಬ್ಬರ ಕಾಲು ನೋಡಿದ, ಒಮ್ಮೆ ಮುಖ ನೋಡಿದ. ಅವನಿಗೆ ಆ ತಿಂಗಳು ಕಳಿಸಬೇಕಾದ ತಲೆಗಳು ಕಡಿಮೆ ಬಿದ್ದಿದ್ದವು. ಅಯ್ಯಪ್ಪ ಸಿಂಗ್ ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡ.

ಮಾನ್ವಿಗೆ ಹಿಂದಿರುಗುವಾಗ ಅಣ್ಣ ತಮ್ಮ ಇಬ್ಬರೂ ಲಾರಿಯಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

"ಅಣ್ಣಾ, ಸಿಂಗರು ಹೆಂಗ ಕೂಡ್ತಾರ? ಹೆಂಗ ಉಣ್ತಾರ?" ಎಂದು ಅಯ್ಯಪ್ಪ ಕೇಳಿದ.

"ಎಲ್ಲಾರ್ಗಿಂತ ಮೊದ್ಲ ಕೂಡ್ತಾರ," ಎಂದ ಹಂಪಯ್ಯ. "ನನ್ನ ಹೆಸರು ಮಾತ್ರ ಎಲ್ಲೂ ಎತ್ತಬ್ಯಾಡ. ಅಣ್ಣ ಅದಾನ ಅನ್ನು, ಡ್ರೈವರ್ ಅದಾನ ಅನ್ನು, ಹೆಸರು ಹೇಳಬ್ಯಾಡ. ನನ್ನ ಕಾಗದದಾಗ ಜಾತಿ ಬರದಾದ."

ನಲವತ್ತೈದರ ಮಳೆಗಾಲದಲ್ಲಿ ಮಾನ್ವಿಗೆ ತಾರು ಬಂತು. ಅಯ್ಯಪ್ಪ ಬರ್ಮಾದಲ್ಲಿ ತೀರಿಕೊಂಡಿದ್ದ. ಯಂಕಮ್ಮ ಅತ್ತಳು, ಎದೆ ಬಡಿದುಕೊಂಡಳು, ಆಮೇಲೆ ಕಣ್ಣೊರೆಸಿಕೊಂಡು ದಿನ ಮಾಡುವುದಿಲ್ಲ ಎಂದು ಕೂತುಬಿಟ್ಟಳು. ಅವರ ಮನೆತನದಲ್ಲಿ ಸತ್ತವರನ್ನು ಹೂಳುತ್ತಾರೆ. ಪರಊರಲ್ಲಿ ಸತ್ತು ಅಲ್ಲಿಯೇ ಮಣ್ಣಾದವನ ಗೋರಿಯಿಂದ, ತಲೆಯ ಕಡೆಯ ಒಂದು ಹಿಡಿ ಮಣ್ಣನ್ನು ತಂದು ಹಿರಿಯರ ಪಕ್ಕದಲ್ಲಿ ಗುಂಡಿ ತೋಡಿ ಹಾಕಬೇಕು. ಹಾಗೆ ಮಾಡಿದರೆ ಸತ್ತವನು ಹಿರಿಯರ ಜೊತೆ ಕೂಡುತ್ತಾನೆ. ಹಾಕುವ ತನಕ ಅವನು ದಾರಿಯ ಮೇಲೆಯೇ ಇರುತ್ತಾನೆ, ಅವನ ಹೆಂಡತಿಗೂ ಬಿಡುಗಡೆಯಿಲ್ಲ. ಗೋಪಮ್ಮನಿಗೆ ಇನ್ನೂ ಹದಿನೆಂಟು. ಅವಳನ್ನು ತವರಿಗೆ ಕರೆದೊಯ್ದಿದ್ದ ಅಣ್ಣ ದೇವದುರ್ಗದಿಂದ ಎರಡು ಸಲ ಬಂದು, ಇನ್ನೊಂದು ಮನೆ ನೋಡಿ ಉಡಿಕೆ ಮಾಡುತ್ತೇವೆ, ಒಪ್ಪಿಗೆ ಕೊಡು ಎಂದು ಕೇಳಿದ. ಮಣ್ಣು ಬರಲಿ ಎಂದಳು ಯಂಕಮ್ಮ. ಎರಡು ಸಲವೂ ಅದೇ ಮಾತು. ಹಿರಿಯ ಮಗನಿಗೆ ಸತ್ತಾರ್ ಸಾಬನ ಕೈಯಲ್ಲಿ ಉರ್ದು ಕಾಗದ ಬರೆಸಿದಳು. ಅದರಲ್ಲಿದ್ದದ್ದು ಇಷ್ಟೇ: ತಮ್ಮನ ತಲೆಯ ಕಡೆಯ ಮಣ್ಣು ತಾ.

ನಲವತ್ತಾರರ ಫೆಬ್ರುವರಿಯಲ್ಲಿ ಹಂಪಯ್ಯನ ಕಂಪನಿ ಮೇಲಿನ ಬರ್ಮಾದಿಂದ ರಂಗೂನಿಗೆ ಇಳಿದು ಬಂದು ಮದರಾಸಿನ ಹಡಗಿಗಾಗಿ ಕಾಯುತ್ತಿತ್ತು. ಹಡಗು ಮರುದಿನವೇ ಹೊರಡುವುದಿತ್ತು. ಕಾಡಿಬೇಡಿ ಒಂದು ದಿನದ ಚೀಟಿ ಪಡೆದು ಬೆಳಗ್ಗೆಯೇ ಹೊರಬಿದ್ದ.

ಡೇರೆಗಳಿಂದ ಪಟ್ಟಣಕ್ಕೆ ಹೋಗಲು ಬಸ್ಸಿತ್ತು. ಬಸ್ಸೆಂದರೆ ದಂಡು ಬಿಟ್ಟುಹೋದ ಲಾರಿ. ಮೇಲೆ ಹಲಗೆಯ ಚಾವಣಿ, ಒಳಗೆ ಹಲಗೆಯ ಬೆಂಚು, ಬದಿಗೆ ಹಸಿರು ಬಣ್ಣ. ಹಂಪಯ್ಯ ಇಂಥದನ್ನೇ ಎರಡು ವರ್ಷ ಓಡಿಸಿದ್ದ. ಮುಂದೆ ಕೂತು ಬರ್ಮಾದ ಡ್ರೈವರನ ಕೈ ನೋಡುತ್ತ ಬಂದ. ಆ ಪುಣ್ಯಾತ್ಮ ಪ್ರತಿಸಲ ಗೇರು ಹಾಕುವಾಗಲೂ ಹಲ್ಲು ಕಡಿಯುವ ಸದ್ದು ಬರುತ್ತಿತ್ತು. ಬೇರೆ ದಿನವಾಗಿದ್ದರೆ ಹಂಪಯ್ಯ ಎರಡು ಮಾತು ಅನ್ನದೆ ಬಿಡುತ್ತಿರಲಿಲ್ಲ. ಅವತ್ತು ತಮ್ಮನ ಗೋರಿಯನ್ನು ಹೇಗೆ ಗುರುತು ಹಿಡಿಯುವುದು, ಮೇಲೆ ಹೆಸರು ಬರೆದಿರುತ್ತಾರೋ ಇಲ್ಲವೋ, ತಲೆ ಯಾವ ಕಡೆ ಎಂದು ಯಾರನ್ನು ಕೇಳುವುದು, ಇದೇ ಯೋಚನೆ.

ಪಟ್ಟಣ ಅಂದರೆ ಅರ್ಧ ಪಟ್ಟಣ. ರೈಲು ಸ್ಟೇಷನ್ನಿನ ಜಾಗದಲ್ಲಿ ಗೋಡೆಯ ತುಂಡುಗಳು. ಟ್ರಾಮಿನ ಕಂಬಿಗಳ ನಡುವೆ ಹುಲ್ಲು ಬೆಳೆದಿತ್ತು, ತಂತಿಯಿಲ್ಲದ ಕಂಬಗಳು ಸಾಲಾಗಿ ನಿಂತಿದ್ದವು. ಹೋಗುವಾಗ ಇಂಗ್ಲಿಷರು ಸುಟ್ಟದ್ದು ಯಾವುದು, ಇರುವಾಗ ಜಪಾನಿನವರು ಕೆಡವಿದ್ದು ಯಾವುದು, ಬರುವಾಗ ಇಂಗ್ಲಿಷರ ವಿಮಾನ ಹಾಕಿದ್ದು ಯಾವುದು ಎಂದು ಯಾರೂ ಬಿಡಿಸಿ ಹೇಳುವಂತಿರಲಿಲ್ಲ. ನಡುವೆ ಪಗೋಡವೊಂದು ಏನೂ ಆಗಿಲ್ಲವೆಂಬಂತೆ ಹೊಳೆಯುತ್ತ ನಿಂತಿತ್ತು. ಅದನ್ನು ಕಂಡು ಹಂಪಯ್ಯನಿಗೆ ಕೈ ಮುಗಿಯಬೇಕೆನಿಸಲಿಲ್ಲ, ಸಿಟ್ಟು ಬಂತು.

ಬಸ್ಸು ಇಳಿದಲ್ಲಿ ಲಾಂಚಾಗಳು ನಿಂತಿದ್ದವು. ಮನುಷ್ಯನೇ ಎಳೆಯುವ ಎರಡು ಗಾಲಿಯ ಬಂಡಿಗಳು. ಎಳೆಯುವವರಲ್ಲಿ ಬಹಳ ಜನ ತೆಲುಗರು, ಸಮುದ್ರದ ಕಡೆಯಿಂದ ಬಂದವರು. ರಾಯಚೂರಿನಲ್ಲಿ ಲಾರಿ ಓಡಿಸಿದವನಿಗೆ ತೆಲುಗು ಬಾರದೆ ಇರುತ್ತದೆಯೇ? ಹಂಪಯ್ಯ ಒಬ್ಬ ಮುದುಕನನ್ನು ಮಾತಾಡಿಸಿದ. ಸತ್ತ ಸಿಪಾಯಿಗಳ ಗೋರಿಗಳ ದಫ್ತರಿಗೆ ಹೋಗಬೇಕೆಂದ. ಮುದುಕನಿಗೆ ಗೊತ್ತಿತ್ತು. ಮನುಷ್ಯ ಎಳೆಯುವ ಬಂಡಿಯಲ್ಲಿ ಕೂರಲು ಹಂಪಯ್ಯನಿಗೆ ನಾಚಿಕೆಯಾಗಿ ಪಕ್ಕದಲ್ಲೇ ನಡೆದ. ಖಾಲಿ ಬಂಡಿ ಎಳೆದುಕೊಂಡು ಹೋದರೆ ಜೊತೆಯವರು ನಗುತ್ತಾರೆ ಎಂದು ಮುದುಕ ಬೈದ ಮೇಲೆ ಹತ್ತಿ ಕೂತ.

ಗೋರಿಗಳ ದಫ್ತರು ಅಂದರೆ ಚಾವಣಿ ಹಾರಿಹೋದ ಕಟ್ಟಡದಲ್ಲಿ ಉಳಿದ ಎರಡು ಕೋಣೆ. ಅಲ್ಲಿದ್ದ ಹವಾಲ್ದಾರ ಒಳ್ಳೆಯವನು, ಮದರಾಸಿನ ಕಡೆಯವನು. ಹಂಪಯ್ಯ ಅಯ್ಯಪ್ಪ ಎಂದ, ತಂದೆ ಹನುಮಂತ ಎಂದ, ಊರು ಮಾನ್ವಿ ಎಂದ. ಹವಾಲ್ದಾರ ಪೆಟ್ಟಿಗೆಯ ಚೀಟಿಗಳನ್ನೆಲ್ಲ ತಿರುವಿ ಹಾಕಿ ಇಲ್ಲವೆಂದ. ಆಗ ಹಂಪಯ್ಯನಿಗೆ ನೆನಪಾಯಿತು. ಸಿಂಗ್ ಎಂಬ ಹೆಸರಿನಲ್ಲಿ ನೋಡಲು ಹೇಳಿದ. ಚೀಟಿ ತಕ್ಷಣ ಸಿಕ್ಕಿತು. ಅಯ್ಯಪ್ಪ ಸಿಂಗ್, ಅಡಿಗೆಯವನು, ಹಿಂದೂ, ರಜಪೂತ. ಗೋರಿ ಎಲ್ಲಿ ಎಂದು ಕೇಳಿದ. ಗೋರಿ ಇಲ್ಲ, ಇವರು ಸುಡುವ ಜನವಲ್ಲವೇ, ಸುಟ್ಟಿದ್ದಾರೆ ಎಂದ ಹವಾಲ್ದಾರ.

ಹವಾಲ್ದಾರ ಸಮಾಧಾನ ಹೇಳಿದ. ಎಲ್ಲ ಶಾಸ್ತ್ರೋಕ್ತವಾಗಿಯೇ ನಡೆದಿರುತ್ತದೆ, ದಂಡಿನಲ್ಲಿ ಅವರವರ ಜಾತಿಯಂತೆಯೇ ಮಾಡುತ್ತಾರೆ, ಅದಕ್ಕಾಗಿಯೇ ಕಾಗದದಲ್ಲಿ ಜಾತಿ ಬರೆದುಕೊಳ್ಳುವುದು ಎಂದ. ಆ ಒಳ್ಳೆಯವನ ಒಂದೊಂದು ಮಾತೂ ಹಂಪಯ್ಯನ ಎದೆಗೆ ಚೂರಿ ಹಾಕಿತು. ಮಣ್ಣಿಗೆ ಹೋಗಬೇಕಾದ ತಮ್ಮನನ್ನು ಬೆಂಕಿಗೆ ಹಾಕಿದ್ದು ಜಪಾನಿನವರಲ್ಲ, ಇಂಗ್ಲಿಷರಲ್ಲ. ಬೇವಿನ ಮರದ ಕೆಳಗೆ ಕೂತ ಮುನ್ಷಿಗೆ ತಾನು ಹೇಳಿದ ಒಂದು ಮಾತು.

ಅಯ್ಯಪ್ಪನ ಕಂಪನಿಯ ಸುಬೇದಾರ ಇನ್ನೂ ಇಲ್ಲಿಯೇ ಇದ್ದಾನೆ, ಹೊಳೆಯಾಚೆಯ ಸಾಮಾನಿನ ಡಿಪೋದಲ್ಲಿ, ಬೇಕಾದರೆ ಹೋಗಿ ಮಾತಾಡು ಎಂದು ಹವಾಲ್ದಾರ ಹೇಳಿ ಕಳಿಸಿದ.

ಹೊಳೆಗೆ ಹೋಗುವ ದಾರಿಯಲ್ಲಿ ಮುದುಕ ತನ್ನ ಕತೆ ತೆಗೆದ. ಜಪಾನಿನವರು ಬರುತ್ತಾರೆಂದು ಜನವೆಲ್ಲ ಹಿಂದೂಸ್ಥಾನಕ್ಕೆ ನಡೆದುಕೊಂಡೇ ಹೊರಟ ವರ್ಷ ಅವನೂ ಹೆಂಡತಿಯನ್ನೂ ಎರಡು ಹೆಣ್ಣುಮಕ್ಕಳನ್ನೂ ಆ ಗುಂಪಿನ ಜೊತೆ ಕಳಿಸಿದ್ದ. ತಾನು ಜ್ವರದಲ್ಲಿ ಉಳಿದುಕೊಂಡ. ಅವರು ಊರು ಸೇರಿದ ಸುದ್ದಿ ನಾಲ್ಕು ವರ್ಷವಾದರೂ ಬಂದಿಲ್ಲ. ಗುಡ್ಡದ ಆ ದಾರಿಯಲ್ಲಿ ಲಾರಿ ಓಡಿಸಿದವನು ನೀನು, ಹಣೆಯ ಮೇಲೆ ಹಚ್ಚೆಯಿದ್ದ ಹೆಂಗಸನ್ನು ಎಲ್ಲಿಯಾದರೂ ಕಂಡೆಯಾ ಎಂದು ಕೇಳಿದ. ಹಂಪಯ್ಯ ಆ ದಾರಿ ಕಂಡಿದ್ದ. ಮಳೆ ನಿಂತ ಮೇಲೆ ರಸ್ತೆಯ ಬದಿಯ ಪೊದೆಗಳಲ್ಲಿ ಎಲುಬುಗಳು ಕೂತಲ್ಲಿಯೇ ಕೂತಿದ್ದನ್ನು, ಕೆಲವಕ್ಕೆ ಇನ್ನೂ ಬಳೆಗಳಿದ್ದದ್ದನ್ನು ಕಂಡಿದ್ದ. ಯಾರನ್ನೂ ಕಾಣಲಿಲ್ಲ, ದಾರಿ ಖಾಲಿಯಿತ್ತು, ಎಲ್ಲರೂ ಊರು ಸೇರಿರಬೇಕು ಎಂದ. ಮುದುಕ ಬಂಡಿ ಎಳೆದ. ತನಗೆ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆಂದು ಹಂಪಯ್ಯನಿಗೇ ಹೇಸಿಗೆಯಾಯಿತು.

ಹೊಳೆ ದಾಟಿಸಲು ಸಂಪಾನ್ ಎಂಬ ಸಣ್ಣ ದೋಣಿಗಳಿದ್ದವು. ಚಿತ್ತಗಾಂಗಿನ ಅಂಬಿಗನೊಬ್ಬ ನಿಂತುಕೊಂಡೇ ಹುಟ್ಟು ಹಾಕುತ್ತಿದ್ದ. ನೀರಿನ ನಡುವೆ ಮುಳುಗಿದ ಹಡಗಿನ ಕಂಬದ ತುದಿ ಮೇಲೆ ಕಾಣುತ್ತಿತ್ತು, ಅದರ ಮೇಲೆ ಕೊಕ್ಕರೆ ಕೂತಿತ್ತು. ಕೃಷ್ಣೆಯನ್ನು ಹರಿಗೋಲಿನಲ್ಲಿ ದಾಟಿದವನಿಗೆ ಈ ಹೊಳೆಯ ಹೆದರಿಕೆಯಿರಲಿಲ್ಲ. ಹೆದರಿಕೆಯಿದ್ದದ್ದು ದಂಡೆಯ ಮೇಲಿನ ಸುಬೇದಾರನದು.

ಡಿಪೋದ ಪಹರೆಯವನು ಹಂಪಯ್ಯನ ದಂಡಿನ ಪುಸ್ತಕ ಇಸಿದುಕೊಂಡು ಒಳಗೆ ಕೊಟ್ಟ. ಸುಬೇದಾರ ಬೆಳ್ಳಗಿನ ಮೀಸೆಯ ಎತ್ತರದ ಆಳು, ನಿಜವಾದ ರಜಪೂತ. ಪುಸ್ತಕ ತಿರುವಿದ, ಹೆಸರು ಓದಿದ, ಜಾತಿಯ ಸಾಲನ್ನೂ ಓದಿದ. ಮುಖದಲ್ಲೇನೂ ಬದಲಾಗಲಿಲ್ಲ. ಮಂಚದ ಮೇಲೆ ಕೂತುಕೊಳ್ಳೆಂದು ಮಾತ್ರ ಹೇಳಲಿಲ್ಲ. ಚಹಾ ತರಿಸಿದ, ಮಗ್ಗು ತಂದಿದ್ದೀಯಾ ಎಂದು ಸೌಜನ್ಯದಿಂದಲೇ ಕೇಳಿದ. ಹಂಪಯ್ಯ ತನ್ನ ಮಗ್ಗು ತೆಗೆದು ಕೆಳಗಿಟ್ಟ, ಮೇಲಿನಿಂದ ಸುರಿದರು.

ಅಯ್ಯಪ್ಪ ಸಿಂಗನ ಊರಿನವನು, ಅವನ ಸುದ್ದಿ ಕೇಳಲು ಬಂದೆ ಎಂದಷ್ಟೇ ಹಂಪಯ್ಯ ಹೇಳಿದ. ಆಮೇಲೆ ಸುಬೇದಾರ ಅಯ್ಯಪ್ಪನ ಸುದ್ದಿ ಹೇಳತೊಡಗಿದ. ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿತು. ದಕ್ಷಿಣದವನು, ಹಿಂದೂಸ್ಥಾನಿ ಸರಿಯಾಗಿ ಬಾರದು, ಮಾತಿಗೊಮ್ಮೆ ನಕೋ ನಕೋ ಎನ್ನುವನು. ಆದರೆ ಆ ಕೈಯ ಅಡಿಗೆಯನ್ನು ಕಂಪನಿಯಲ್ಲಿ ಎಲ್ಲರೂ ತಾಯಿಯ ಕೈಯದೆಂಬಂತೆ ಉಂಡರು. ಮಿಂದ ಹೊರತು ಒಲೆ ಹೊತ್ತಿಸುತ್ತಿರಲಿಲ್ಲ. ತನ್ನ ಕಂಪನಿಯಲ್ಲಿ ಅವನಷ್ಟು ಮಡಿಯ ಸಿಂಗ್ ಇನ್ನೊಬ್ಬನಿರಲಿಲ್ಲ ಎಂದ. ಜಪಾನಿನವರು ಬಿಟ್ಟೋಡಿದ ಹಳ್ಳಿಯೊಂದರಲ್ಲಿ ಅಡಿಗೆಗೆ ನೀರು ಬೇಕಾಯಿತು. ಅಡಿಗೆಯ ನೀರನ್ನು ಬೇರೆಯವರಿಂದ ತರಿಸುವಂತಿಲ್ಲ, ಅವನೇ ಹೋದ. ಬಾವಿಗೆ ಕೊಡ ಇಳಿಸಿದ, ಹಗ್ಗಕ್ಕೆ ಕಟ್ಟಿಟ್ಟಿದ್ದ ಬಾಂಬು ಹಾರಿತು. ಲಾರಿಯಲ್ಲಿ ರಂಗೂನಿಗೆ ತರುವ ದಾರಿಯಲ್ಲಿ ಪ್ರಾಣ ಹೋಯಿತು.

ಮಾನ್ವಿಯ ಬಾವಿಯ ಕಟ್ಟೆಯನ್ನು ಹತ್ತಿದ್ದಕ್ಕೆ ಎಂಟು ವರ್ಷದ ಅಯ್ಯಪ್ಪನನ್ನು ಒಮ್ಮೆ ಬಾರುಕೋಲಿನಿಂದ ಹೊಡೆದಿದ್ದರು. ಹುಟ್ಟಿದಂದಿನಿಂದ ಒಂದು ಬಾವಿಯಲ್ಲೂ ಕೊಡ ಇಳಿಸದವನು, ಇಳಿಸುವ ಹಕ್ಕು ಸಿಕ್ಕ ಮೇಲೆ ಇಂಥದೊಂದು ಬಾವಿಗೇ ಹೋಗಿ ಸತ್ತ. ಹಂಪಯ್ಯ ಚಹಾದ ಮಗ್ಗನ್ನು ನೋಡುತ್ತ ನಿಂತ.

ಅವನ ಮನೆಯವರಾರೂ ಇಲ್ಲದ್ದರಿಂದ ಕೊಳ್ಳಿಯನ್ನು ತಾನೇ ಇಟ್ಟೆ ಎಂದ ಸುಬೇದಾರ. ತುಪ್ಪ ಸುರಿದರು, ಪಂಡಿತನಿಂದ ಮಂತ್ರ ಹೇಳಿಸಿದರು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಬೂದಿಯನ್ನು ಹೊಳೆಗೆ ಬಿಟ್ಟರು. ಎಲುಬನ್ನು ಮಾತ್ರ ಎತ್ತಿಟ್ಟಿದ್ದ. ಹೊರಗಿನ ಮರ ತೋರಿಸಿದ. ಕೆಳಗಿನ ಕೊಂಬೆಗೆ ಕೆಂಪು ಬಟ್ಟೆ ಸುತ್ತಿದ ಒಂದು ಗಿಂಡಿ ತೂಗುತ್ತಿತ್ತು.

"ಅವನಿಗೊಬ್ಬ ಅಣ್ಣನಿದ್ದಾನೆ, ದಂಡಿನಲ್ಲೇ ಡ್ರೈವರು," ಎಂದ ಸುಬೇದಾರ ತನ್ನ ಹಿಂದೂಸ್ಥಾನಿಯಲ್ಲಿ. "ಹೆಸರು ಎಂದೂ ಹೇಳಲಿಲ್ಲ. ರಕ್ತದವನು ಬಂದರೆ ಕೈಗೆ ಕೊಡೋಣವೆಂದು ಒಂಬತ್ತು ತಿಂಗಳು ಕಾದಿದ್ದೇನೆ. ಬರುವ ವಾರ ನಾನೂ ಊರಿಗೆ ಹೊರಟೆ. ಅಷ್ಟರಲ್ಲಿ ಬರದಿದ್ದರೆ ನಾನೇ ಗಂಗೆಗೆ ಹಾಕುತ್ತೇನೆ. ನೀನು ಅದೇ ಊರಿನವನು. ಅವನಣ್ಣ ನಿನಗೆ ಗೊತ್ತೇನು?"

ಹಂಪಯ್ಯನ ಪುಸ್ತಕ ಸುಬೇದಾರನ ಮೊಣಕಾಲಿನ ಮೇಲೆ ತೆರೆದೇ ಇತ್ತು. ನಾನೇ ಅಣ್ಣ ಎಂದರೆ ಏನಾಗುತ್ತದೆ? ಎರಡು ವರ್ಷ ಈ ಜನ ಯಾರ ಕೈಯಲ್ಲಿ ಉಂಡರೆಂಬುದು ಬಯಲಾಗುತ್ತದೆ. ಕೊಳ್ಳಿಯಿಟ್ಟ ಈ ಮನುಷ್ಯ, ಈಗ ಕಣ್ಣೀರು ಒರೆಸಿಕೊಳ್ಳುತ್ತಿರುವ ಇದೇ ಮನುಷ್ಯ, ಆ ಗಿಂಡಿಯನ್ನು ಬೂಟಿನಿಂದ ಒದ್ದರೆ? ಹಾಗೆಂದು ಹಂಪಯ್ಯ ತನಗೆ ತಾನೇ ಹೇಳಿಕೊಂಡ. ಆದರೆ ಇನ್ನೊಂದು ಹೆದರಿಕೆಯೂ ಅದರ ಅಡಿಯಲ್ಲಿತ್ತು. ಸುಳ್ಳು ಹೇಳಿ ಸೇರಿಸಿದ್ದಕ್ಕೆ ನಾಳೆಯ ಹಡಗು ತಪ್ಪಿಸಿ ತನ್ನನ್ನು ಕೋಠಡಿಗೆ ಹಾಕುತ್ತಾರೆ ಎಂಬ ಹೆದರಿಕೆ. ಯಾವುದು ದೊಡ್ಡದಿತ್ತೋ ಅವನೇ ಬಲ್ಲ.

"ಗೊತ್ತಿಲ್ಲ, ಸಾಹೇಬ್," ಎಂದ. "ನಮ್ಮದು ಒಂದೇ ಊರು, ಅಷ್ಟೇ."

ಸುಬೇದಾರ ಅವನನ್ನೇ ಸ್ವಲ್ಪ ಹೊತ್ತು ನೋಡಿದ. ಅವನಿಗೆ ತಿಳಿಯಿತೋ ಇಲ್ಲವೋ ಹಂಪಯ್ಯನಿಗೆ ಕಡೆಯವರೆಗೂ ಗೊತ್ತಾಗಲಿಲ್ಲ. ಪುಸ್ತಕ ಹಿಂದಕ್ಕೆ ಕೊಟ್ಟ. ಅವನ ತಾಯಿ ಸಿಕ್ಕರೆ ನಿನ್ನ ಮಗ ಸಿಂಗನಂತೆಯೇ ಹೋದ ಎಂದು ಹೇಳು ಎಂದ. ಹಂಪಯ್ಯ ಸಲಾಮು ಹೊಡೆದು, ಕೆಂಪು ಬಟ್ಟೆಯ ಗಿಂಡಿಯ ಕೆಳಗಿನಿಂದಲೇ ಹೊರಗೆ ಬಂದ. ಕೈ ಎತ್ತಿದರೆ ಸಿಗುವಷ್ಟು ಹತ್ತಿರ ಇತ್ತು.

ಈಚೆ ದಂಡೆಯಲ್ಲಿ ಮುದುಕ ಕಾದಿದ್ದ. ಸುಡುಗಾಡಿಗೆ ಕರೆದುಕೊಂಡು ಹೋಗೆಂದ ಹಂಪಯ್ಯ. ಹೊಳೆಯ ಇಳಿಜಾರಿನಲ್ಲಿ ಕಲ್ಲಿನ ನಾಲ್ಕು ಮೆಟ್ಟಿಲು, ಅದರ ಕೆಳಗೆ ಕೆಸರು. ನೀರು ಇಳಿದ ಹೊತ್ತು. ದಿನಕ್ಕೆರಡು ಸಲ ಸಮುದ್ರದ ಉಬ್ಬರಕ್ಕೆ ನೀರು ಏರಿ ಬಂದು ಎಲ್ಲವನ್ನೂ ಬಳಿದುಕೊಂಡು ಹೋಗುವ ಜಾಗ. ಒಂಬತ್ತು ತಿಂಗಳ ಹಿಂದಿನದು ಅಲ್ಲೇನು ಉಳಿದೀತು? ಆದರೂ ಹಂಪಯ್ಯ ಕೂತು ಬರಿಗೈಯಲ್ಲಿ ಕೆರೆದು ಒಂದು ಹಿಡಿ ಕೆಸರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡ. ಆಮೇಲೆ ಅತ್ತ. ಜೋರಾಗಿಯೇ ಅತ್ತ. ಮುದುಕ ಬಂಡಿಯ ಪಕ್ಕದಲ್ಲಿ ತಲೆ ತಗ್ಗಿಸಿಕೊಂಡು ನಿಂತಿದ್ದ. ಸಂಜೆಗೆ ಅದೇ ಹಸಿರು ಬಸ್ಸು ಹಿಡಿದು ಡೇರೆಗೆ ಮರಳಿದ.

ಹಡಗಿನಲ್ಲಿ ಮದರಾಸು, ಮೇಲ್ ಗಾಡಿಯಲ್ಲಿ ರಾಯಚೂರು, ಸತ್ತಾರ್ ಸಾಬನ ಲಾರಿಯಲ್ಲಿ ಮಾನ್ವಿ. ದಾರಿಯುದ್ದಕ್ಕೂ ಗಂಟು ತೊಡೆಯ ಮೇಲಿತ್ತು, ಒಣಗಿ ಹೆಂಟೆಯಾಗಿತ್ತು. ಯಂಕಮ್ಮ ಮಗನ ಮೈ ಮುಟ್ಟಿ ಮುಟ್ಟಿ ನೋಡಿದಳು, ಮೊದಲು ಮಣ್ಣು ತಂದೆಯಾ ಎಂದು ಕೇಳಿದಳು. ತಂದೆ ಎಂದ. ದೇವದುರ್ಗಕ್ಕೆ ಹೇಳಿ ಕಳಿಸಿದರು. ಮೂರನೆಯ ದಿನ ಗೋಪಮ್ಮ ಅಣ್ಣನ ಜೊತೆ ಬಂದಳು. ಕೇರಿಯ ಹಿರಿಯರು ಸೇರಿದರು. ಹನುಮಂತನ ಗೋರಿಯ ಪಕ್ಕದಲ್ಲಿ ಮೊಣಕಾಲುದ್ದದ ಗುಂಡಿ ತೋಡಿದರು.

"ತಲಿ ಕಡೀ ಮಣ್ಣ ಹೌದಿಲ್ಲೋ?" ಎಂದು ಯಂಕಮ್ಮ ಎಲ್ಲರ ಎದುರಿಗೆ ಕೇಳಿದಳು.

"ಹೌದಬೇ ಯವ್ವಾ."

"ತಲಿ ಯಾ ದಿಕ್ಕಿಗಿತ್ತು?"

"ದಕ್ಷಿಣಕ್ಕ," ಎಂದ ಹಂಪಯ್ಯ.

ಅವಳು ಗಂಟು ಬಿಚ್ಚಿದಳು. ಹೆಂಟೆಯನ್ನು ಅಂಗೈಯಲ್ಲಿಟ್ಟು, ಬಿತ್ತುವ ಮುಂಚೆ ಹೊಲದ ಮಣ್ಣು ನೋಡುವಂತೆ ಹೆಬ್ಬೆರಳಿನಿಂದ ಪುಡಿ ಮಾಡಿದಳು. ಜೋಳದ ಕಾಳಿನಷ್ಟು ದೊಡ್ಡದೊಂದು ಚೂರು ಸಿಕ್ಕಿತು. ಅದನ್ನು ಒತ್ತಿದಳು. ಅಂಗೈಯುದ್ದಕ್ಕೂ ಕಪ್ಪು ಗೆರೆ ಎಳೆಯಿತು. ವರ್ಷಗಟ್ಟಲೆ ಮಗನ ಅಂಗಿಯಲ್ಲಿ ಉಜ್ಜಿದ ಇದ್ದಿಲಿನ ಕಪ್ಪು ಅದು, ಗೋರಿಯ ಮಣ್ಣಿನಲ್ಲಿ ಇದ್ದಿಲು ಇರುವುದಿಲ್ಲವೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಲೆಯೆತ್ತಿ ಹಂಪಯ್ಯನನ್ನು ನೋಡಿದಳು. ಅವನು ನೆಲ ನೋಡಿದ. ಹಿರಿಯರು ಹೊತ್ತಾಯಿತೆಂದರು. ಯಂಕಮ್ಮ ಮುಷ್ಟಿ ಮುಚ್ಚಿ, ಗುಂಡಿಯ ಮೇಲೆ ಹಿಡಿದು, ಎಲ್ಲವನ್ನೂ ಒಳಗೆ ಬಿಟ್ಟಳು. ಮೇಲೆ ಮಣ್ಣೆಳೆದರು, ಎಡೆಯಿಟ್ಟರು. ಗೋಪಮ್ಮನ ತಲೆ ಸವರಿ ಯಂಕಮ್ಮ ತಾನೇ ಹೇಳಿದಳು, ನಿನ್ನ ಗಂಡ ಹಿರಿಯರನ್ನ ಕೂಡಿದ, ಹೋಗವ್ವಾ, ಚಲೋ ಮನಿ ನೋಡಿ ಬಾಳೇವು ಮಾಡು ಎಂದು. ಅವಳ ದನಿ ಎಲ್ಲೂ ನಡುಗಲಿಲ್ಲ.

ಜನವೆಲ್ಲ ಹೋದ ಮೇಲೆ, ಇನ್ನೂ ಬಿಸಿಲಿರುವಾಗಲೇ, ಅವಳು ಹೊಸ್ತಿಲ ಮೇಲೆ ಕೂತು ಮಗನನ್ನು ಕರೆದು ಕೈ ಚಾಚಿ ಅಂಗೈ ತೋರಿಸಿದಳು. ಹಂಪಯ್ಯ ಎಲ್ಲವನ್ನೂ ಹೇಳಿದ. ಬೇವಿನ ಮರದಿಂದ ಹಿಡಿದು ಕೆಂಪು ಬಟ್ಟೆಯ ಗಿಂಡಿಯ ತನಕ ಒಂದನ್ನೂ ಮುಚ್ಚಿಡಲಿಲ್ಲ. ಅವಳು ಬೈಯುತ್ತಾಳೆ, ಹೊಡೆಯುತ್ತಾಳೆ, ಆಮೇಲೆ ಅಳುತ್ತಾಳೆ ಎಂದು ಕಾದ. ಅವಳು ಒಂದೇ ಒಂದು ಮಾತು ಕೇಳಿದಳು.

"ಗಿಂಡಿ ಕೈಗೆ ಸಿಗಂಗಿತ್ತೇನು?"

"ಸಿಗಂಗಿತ್ತು."

"ರಾಯಚೂರಾಗ ನೀ ಹೇಳಿದ ಸುಳ್ಳು ತಮ್ಮ ಬದುಕ್ಲಿ ಅಂತ ಹೇಳಿದಿ, ಅದನ್ನ ನಾ ನುಂಗ್ತೀನಿ," ಎಂದಳು ಯಂಕಮ್ಮ. "ಅಲ್ಲಿ ಯಾರ ಸಲುವಾಗಿ ಹೇಳಿದಿ?"

ಅವಳು ಎದ್ದು ಹೋಗಿ ಕೈ ತೊಳೆದುಕೊಂಡಳು. ಅವತ್ತು ರೊಟ್ಟಿ ಬಡಿದು ಮಗನಿಗೂ ಹಾಕಿದಳು. ಮರುದಿನವೂ ಹಾಕಿದಳು. ರೊಟ್ಟಿಗೆ ಎಂದೂ ಕಡಿಮೆ ಮಾಡಲಿಲ್ಲ. ಗೋಪಮ್ಮನಿಗೆ ಆ ಬೇಸಿಗೆಯಲ್ಲೇ ದೇವದುರ್ಗದಲ್ಲಿ ಉಡಿಕೆಯಾಯಿತು. ಹಂಪಯ್ಯ ಮತ್ತೆ ಸತ್ತಾರ್ ಸಾಬನ ಲಾರಿ ಹತ್ತಿದ. ಮನೆಯಲ್ಲಿ ಕೆಲಸದ ಮಾತುಗಳಷ್ಟೇ ನಡೆಯುತ್ತಿದ್ದವು, ನೀರು ಅದ, ಎಣ್ಣಿ ತೀರ್ಯಾದ, ಇಂಥವು. ಅವನ ಹೆಸರು ಹಿಡಿದು ಅವಳು ಕರೆದದ್ದನ್ನು ಕೇರಿಯಲ್ಲಿ ಯಾರೂ ಆಮೇಲೆ ಕೇಳಲಿಲ್ಲ.

ನಿಜಾಮರ ಆಳ್ವಿಕೆ ಹೋಗಿ ವರ್ಷವಾದ ಮೇಲೆ, ನಲವತ್ತೊಂಬತ್ತರಲ್ಲಿ, ಓಟಿನ ಪಟ್ಟಿ ಬರೆಯುವ ಗುಮಾಸ್ತನೊಬ್ಬ ಕೇರಿಗೆ ಬಂದ. ಯಂಕಮ್ಮ ಹೊಸ್ತಿಲಲ್ಲಿ ಹತ್ತಿಯ ಕಸ ಆರಿಸುತ್ತಿದ್ದಳು. ಹಂಪಯ್ಯ ಅಂಗಳದಲ್ಲಿ ಕೂತು ಲಾರಿಯ ಸಾಮಾನೊಂದನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಮನೆಯಲ್ಲಿ ಯಾರು ಯಾರು ಇದ್ದೀರಿ, ಗಂಡುಮಕ್ಕಳೆಷ್ಟು ಎಂದು ಗುಮಾಸ್ತ ಕೇಳಿದ.

"ಇಬ್ಬರಿದ್ರುರೀ," ಎಂದಳು ಯಂಕಮ್ಮ. "ಇಬ್ಬರೂ ಲಡಾಯಕ್ಕ ಹೋದ್ರು. ಒಬ್ಬಾಂವನೂ ಹೊಳ್ಳಿ ಬರಲಿಲ್ಲ."

ಗುಮಾಸ್ತ ಅಂಗಳದ ಕಡೆ ನೋಡಿ, ಹಾಗಾದರೆ ಇವನು ಯಾರು, ಹೆಸರೇನು ಎಂದ.

"ಅವನ್ನ ಕೇಳ್ರಿ," ಎಂದಳು ಅವಳು, ಹತ್ತಿಯಿಂದ ಕಣ್ಣೆತ್ತದೆ. "ಯಾ ಹೆಸರು ಹೇಳ್ತಾನೋ ಅದನ್ನ ಬರಕೋರಿ."

ಹಂಪಯ್ಯ ಕೈ ಒರೆಸಿಕೊಂಡು ಎದ್ದು ನಿಂತು ತನ್ನ ಹೆಸರು ಹೇಳಿದ, ಅಪ್ಪನ ಹೆಸರು ಹೇಳಿದ. ಗುಮಾಸ್ತ ಬರೆದುಕೊಂಡು ಮುಂದಿನ ಮನೆಗೆ ಹೋದ.